ಯಾವೂರು, ಯಾರ ಪೈಕಿ, ಪಾಸ್‌ವರ್ಡ್ ಏನು?

ಗುಟ್ಟು ಕಾಪಾಡುವುದನ್ನು ಕಲಿಸಲು ಹೊರಟವರಿಗೆ ನಮ್ಮ ಕಡೆ ಇಂಥದ್ದು ಆಗುತ್ತಲೇ ಇರುತ್ತದೆ. ಆಗದ ವಾರವೆಂದರೆ ನಾನು ರಜೆಯಲ್ಲಿದ್ದೆ ಎಂದೇ ಅರ್ಥ.

ನಾನು ಸಾಗರದಲ್ಲಿ ಕಂಪ್ಯೂಟರ್ ಕಲಿಸುವ ಉಪನ್ಯಾಸಕಿ. ಎಂ.ಎಸ್ಸಿ. ಮಾಡಿದ್ದೇನೆ, ಅದರಿಂದ ಈವರೆಗೆ ಯಾರಿಗೂ ತೊಂದರೆಯಾಗಿಲ್ಲ. ಶಹರದ ಒಂದು ಟ್ರಸ್ಟಿನವರು ನಮ್ಮ ಮೂರು ತಾಲ್ಲೂಕಿಗೆ ಒಂದು ವ್ಯಾನ್ ಕಳಿಸಿದರು. ಒಳಗೆ ಲ್ಯಾಪ್‌ಟಾಪುಗಳು, ನೆತ್ತಿಯ ಮೇಲೆ ಆಂಟೆನಾ. ಸಾಗರದ್ದೊಂದು, ಹೊಸನಗರದ್ದೊಂದು, ತೀರ್ಥಹಳ್ಳಿಯದ್ದೊಂದು ಪ್ರೌಢಶಾಲೆಗೆ ಸರದಿಯ ಮೇಲೆ ಹೋಗಬೇಕು, ಮಕ್ಕಳಿಗೆ ಇಂಟರ್ನೆಟ್ ತೋರಿಸಬೇಕು. ಜೊತೆಗೆ ಅಲ್ಲಿ ತಮ್ಮ ಸ್ವಂತ ವಿವರಗಳನ್ನು ಹೇಗೆ ಕಾಪಾಡಿಕೊಳ್ಳಬೇಕು ಅಂತ ನಾನು ಕಲಿಸಬೇಕು.

ಷರತ್ತು ಒಂದೇ. ಮಳೆಗಾಲ ಮುಗಿಯುವ ಮೊದಲು ಟ್ರಸ್ಟಿನವರು ಗುಟ್ಟಾಗಿ ಒಂದು ಪರೀಕ್ಷೆ ಮಾಡುತ್ತಾರೆ. ಯಾವುದೋ ಮೋಸಗಾರನಂತೆ ಮಕ್ಕಳನ್ನು ಮಾತಾಡಿಸುತ್ತಾರೆ. ಒಂದು ಮಗು ಬಾಯಿಬಿಟ್ಟರೂ ವ್ಯಾನ್ ಬೇರೆ ಜಿಲ್ಲೆಗೆ.

ಮಲೆನಾಡಿನ ಮಗು, ಬಾಯಿ ಬಿಡಬಾರದು. ನಾನು ಆಗಲೇ ವ್ಯಾನಿಗೆ ಮನಸ್ಸಿನಲ್ಲೇ ವಿದಾಯ ಹೇಳಿದ್ದೆ.

೧. ಪಕ್ಕದ ಸೀಟು

ಮೊದಲ ದಿನವೇ ವ್ಯಾನ್ ಗ್ಯಾರೇಜಿನಲ್ಲಿತ್ತು. ಬಸ್ಸಿನಲ್ಲಿ ಹೊಸನಗರಕ್ಕೆ ಹೊರಟೆ. ದಾರಿಯಲ್ಲಿ ಹತ್ತಿದ ಒಬ್ಬ ಹುಡುಗಿ, ಒಂಬತ್ತನೇ ಕ್ಲಾಸಿನ ಯೂನಿಫಾರ್ಮು, ಒದ್ದೆ ಕೊಡೆ, ನನ್ನ ಪಕ್ಕ ಕೂತಳು.

"ಎಲ್ಲಿಗೆ ಹೊಂಟಿದೀರಿ?"

"ಹೊಸನಗರಕ್ಕೆ."

"ಯಾರ ಮನೆಗೆ?"

"ಮನೆಗಲ್ಲ, ಶಾಲೆಗೆ."

"ಹಂಗಾರೆ ಟೀಚರ್ರು. ಸ್ವಂತ ಊರು ಯಾವ್ದಾಯ್ತು?"

ಇದು ವಿಚಾರಣೆಯಲ್ಲ, ಮರ್ಯಾದೆ. ನಮ್ಮಲ್ಲಿ ಪಕ್ಕ ಕೂತವರನ್ನು ಯಾವೂರು, ಯಾರ ಪೈಕಿ ಅಂತ ಕೇಳದಿದ್ದರೆ ಜಂಬ ಅನ್ನುತ್ತಾರೆ. ಕೇಳಿದ ಮೇಲೆ ಹೇಳದಿದ್ದರೆ ಇನ್ನೂ ದೊಡ್ಡ ಜಂಬ. ನಾನು ಹೇಳಿದೆ. ಅವಳು ಕೇಳಿದಳು. ಹೊಸನಗರ ಬಂತು.

ಶಾಲೆಯಲ್ಲಿ ಗಂಟಲು ಸರಿಮಾಡಿಕೊಂಡು ಶುರು ಮಾಡಿದೆ. "ಗುರುತು ಪರಿಚಯ ಇಲ್ಲದವರಿಗೆ ನಿಮ್ಮ ಹೆಸರು, ಊರು, ಮನೆಯವರ ವಿಷಯ ಯಾವುದನ್ನೂ ಹೇಳಬಾರದು."

ಹಿಂದಿನ ಬೆಂಚಿನಲ್ಲಿ ಒಂದು ಕೈ ಎದ್ದಿತು. ಅದೇ ಹುಡುಗಿ.

"ಬಸ್ಸಲ್ಲಿ ಪಕ್ಕ ಕೂತೋರಿಗೆ ಹೇಳ್ಬೋದಾ ಮೇಡಂ?"

"ಅವರಿಗೂ ಹೇಳಬಾರದು."

"ಹಂಗಾರೆ ನಿಮ್ಮಪ್ಪ ಜೋಗದ ಪವರ್ ಹೌಸಲ್ಲಿದ್ದಿದ್ದು, ನಿಮಗಿಂತ ಮುಂಚೆ ನಿಮ್ಮ ತಂಗಿ ಮದುವೆ ಆಗಿದ್ದು, ನಿಮಗೆ ಹಲಸಿನ ಹಣ್ಣು ತಿಂದ್ರೆ ಮೈಯೆಲ್ಲ ತುರಿಸೋದು, ಇದನ್ನೆಲ್ಲ ನಾನು ಯಾರಿಗೂ ಹೇಳಲ್ಲ ಮೇಡಂ."

ಇಡೀ ತರಗತಿ ಗಮನವಿಟ್ಟು ಕೇಳಿಸಿಕೊಂಡಿತು. ನಾನು ಕೇಳಿದೆ, "ನಿನ್ನ ಹೆಸರೇನು?"

"ಪಾಠ ಈಗಷ್ಟೇ ಮಾಡಿದ್ರಲ್ಲ ಮೇಡಂ."

೨. ಕಪ್ಪೆಯ ವಿಳಾಸ

ಆ ಹುಡುಗಿಗೆ ಕಪ್ಪೆಗಳ ಹುಚ್ಚು. ಅಪ್ಪನ ಫೋನಿನಲ್ಲಿ ಕಪ್ಪೆಗಳ ಕೂಗನ್ನು ರೆಕಾರ್ಡ್ ಮಾಡುತ್ತಾಳೆ. ಯಾವ ಕೂಗು ಯಾವ ಕಪ್ಪೆಯದ್ದು ಅಂತ ಸಂಶೋಧಕರು ಗುರುತಿಸುವ ಒಂದು ವೆಬ್‌ಸೈಟ್ ಇದೆ, ಅದಕ್ಕೆ ಕಳಿಸಬೇಕು. ಅವಳ ಮನೆಯಲ್ಲಿ ಫೋನು ಗಡಿಯಾರವಾಗಿ ಮಾತ್ರ ಕೆಲಸ ಮಾಡುತ್ತದೆ, ನೆಟ್‌ವರ್ಕ್ ಇಲ್ಲ. ಶಾಲೆಯಲ್ಲೂ ಇಲ್ಲ. ಇದ್ದಿದ್ದು ನಮ್ಮ ವ್ಯಾನ್ ಒಂದೇ.

ವ್ಯಾನ್ ಅವಳ ಶಾಲೆಗೆ ಬರತೊಡಗಿದ ಎರಡನೇ ವಾರವೇ ಉತ್ತರ ಬಂತು. ಅವಳು ಕಳಿಸಿದ್ದರಲ್ಲಿ ಒಂದು ಕೂಗು ಅವರ ಸಂಗ್ರಹದಲ್ಲಿ ಎಲ್ಲೂ ಇಲ್ಲವಂತೆ. ಹೊಸ ಜಾತಿಯೇ ಇರಬಹುದಂತೆ. ಈ ಮಳೆಗಾಲ ಪೂರ್ತಿ, ಮುಂದಿನ ಮಳೆಗಾಲವೂ ಬಿಡದೆ ರೆಕಾರ್ಡ್ ಮಾಡಿ ಕಳಿಸು ಅಂತ ಬರೆದಿದ್ದರು. ಹುಡುಗಿ ವ್ಯಾನಿನೊಳಗೇ ಕುಣಿದಳು. ಆಂಟೆನಾ ವಾಲಿತು.

"ಮೇಡಂ, ವ್ಯಾನ್ ಹೋಗಲ್ಲ ಅಲ್ವಾ?"

"ಪರೀಕ್ಷೆಯಲ್ಲಿ ನೀವೆಲ್ಲ ಬಾಯಿ ಮುಚ್ಚಿಕೊಂಡಿದ್ದರೆ ಹೋಗಲ್ಲ."

ಅವಳು ಸುತ್ತ ಇದ್ದ ಸಹಪಾಠಿಗಳನ್ನು ನೋಡಿದಳು. ಮುಖ ಬಾಡಿತು.

ಮುಂದಿನ ರೆಕಾರ್ಡಿಂಗ್ ಕಳಿಸುವಾಗ ನೋಡುತ್ತೇನೆ, 'ಸಿಕ್ಕಿದ ಜಾಗ' ಎಂಬಲ್ಲಿ ಖಾಲಿ ಬಿಟ್ಟಿದ್ದಾಳೆ. "ಇದು ವಿಜ್ಞಾನ ಕಣೇ, ಜಾಗ ಬರೆಯಲೇಬೇಕು" ಅಂದೆ.

"ಕಪ್ಪೇನ ಒಂದ್ಮಾತು ಕೇಳಿದ್ರಾ ಮೇಡಂ? ಜಾಗ ಬರೆದ್ರೆ ಕ್ಯಾಮೆರಾ ಹಿಡ್ಕಂಡು ಜನ ಬತ್ತಾರೆ. ಹಳ್ಳದ ಕಲ್ಲೆಲ್ಲ ಎತ್ತಿ ನೋಡ್ತಾರೆ. ಅದರ ವಿಳಾಸ ಅದರ ಸ್ವಂತದ್ದಲ್ವಾ?"

ನಾನು ಕಲಿಸಿದ್ದನ್ನು ನನಗೇ ಹೇಳುತ್ತಿದ್ದಳು. ಕೊನೆಗೆ ಅವಳು ಒಂದು ರಾಜಿಗೆ ಬಂದು ಬರೆದಳು: 'ಹೊಸನಗರ ತಾಲ್ಲೂಕು, ಮಳೆ ಬರುವ ಕಡೆ.'

ಇಷ್ಟು ಭದ್ರವಾದ ವಿಳಾಸವನ್ನು ನಾನು ಇನ್ನೊಂದು ನೋಡಿಲ್ಲ.

೩. ಟೈಗರ್

ಸಾಗರದ ಶಾಲೆಯಲ್ಲಿ ಪಾಸ್‌ವರ್ಡಿನ ಪಾಠ. "ಅಪ್ಪ, ಅಮ್ಮ, ಅಕ್ಕ, ತಮ್ಮ, ಮನೆಯ ಮನುಷ್ಯರು ಯಾರ ಹೆಸರನ್ನೂ ಪಾಸ್‌ವರ್ಡ್ ಮಾಡಬೇಡಿ" ಅಂದೆ. ಮಕ್ಕಳು ಅಕ್ಷರಶಃ ಪಾಲಿಸಿದರು. ಎಲ್ಲರೂ ನಾಯಿಯ ಹೆಸರು ಇಟ್ಟರು.

ಅವತ್ತು ಸಂಜೆ ಶಾಲೆಯ ಬೀದಿಯಲ್ಲಿ ನಡೆದು ಬರುತ್ತಿದ್ದೆ. ನಾಯಿಗೆ ಅನ್ನ ಹಾಕುವ ಹೊತ್ತು. ಒಂದೊಂದು ಗೇಟಿನಿಂದ ಒಂದೊಂದು ಕೂಗು. "ಟೈಗರ್!" "ಪಿಂಕೀ!" "ರಾಜೂ, ಬಾ!" ಇಡೀ ಬೀದಿ ತನ್ನ ಪಾಸ್‌ವರ್ಡುಗಳನ್ನು ಊಟಕ್ಕೆ ಕರೆಯುತ್ತಿತ್ತು.

ಮರುವಾರ ಗದರಿದೆ. "ಬರೀ ಹೆಸರು ಸಾಲದು. ಚಿಹ್ನೆ ಬೇಕು, ಅಂಕಿ ಬೇಕು. ಎಲ್ಲರೂ ಬದಲಾಯಿಸಿ." ಟೈಗರ್‌ನ ಹುಡುಗ ಎಲ್ಲರಿಗಿಂತ ಮೊದಲು ಎದ್ದು ನಿಂತು "ಬದಲಾಯ್ಸಿದೆ ಮೇಡಂ" ಅಂದ. ಶಹಭಾಸ್ ಅಂದೆ. ಅಪರೂಪಕ್ಕೆ ಅನ್ನುತ್ತೇನೆ, ಪ್ರತಿಸಲವೂ ಪಶ್ಚಾತ್ತಾಪವಾಗುತ್ತದೆ.

ಸಂಜೆ ಅವನ ಮನೆ ದಾಟುವಾಗ ಅವನ ಅಪ್ಪ ಅನ್ನದ ತಟ್ಟೆ ಹಿಡಿದು ಗೇಟಿನಲ್ಲಿ ನಿಂತಿದ್ದರು. ಗಂಭೀರ ಮನುಷ್ಯ. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು:

"ಟೈಗರ್ ಅಟ್ ಒನ್ ಟೂ ತ್ರೀ! ಬಾರೋ!"

ಹುಡುಗ ಜಗಲಿಯಿಂದ ನನಗೆ ವಿವರಿಸಿದ. "ಹೊಸ ಪಾಸ್‌ವರ್ಡ್ ಮರ್ತು ಹೋಗ್ಬಾರ್ದಲ್ಲ ಮೇಡಂ. ಅದಕ್ಕೆ ನಾಯಿ ಹೆಸರನ್ನೂ ಬದಲಾಯ್ಸಿದ್ವಿ."

ನಾಯಿ ಬಾಲ ಅಲ್ಲಾಡಿಸುತ್ತಾ ಬಂತು. ಅದು ಆಗಲೇ ಒಪ್ಪಿಕೊಂಡಿತ್ತು.

ಈ ಕಥೆಯನ್ನು ಎಚ್ಚರಿಕೆಯ ಪಾಠವಾಗಿ ಉಳಿದೆರಡು ಶಾಲೆಗಳಲ್ಲೂ ಹೇಳಿದೆ. ಎಚ್ಚರಿಕೆಯನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಟೈಗರನ್ನು ಎಲ್ಲರೂ ನೆನಪಿಟ್ಟುಕೊಂಡರು.

೪. ಮನೆಯಲ್ಲಿ ಯಾರೂ ಇಲ್ಲ

ತೀರ್ಥಹಳ್ಳಿಯ ಶಾಲೆಯ ಒಬ್ಬ ಹುಡುಗ ವಾಟ್ಸಾಪ್ ಸ್ಟೇಟಸ್ ಹಾಕಿದ್ದ: 'ಆಗುಂಬೆಯಲ್ಲಿ ಅತ್ತೆ ಮಗನ ಮದುವೆ. ನಾವೆಲ್ಲ ಹೊರಟೆವು. ಮನೆಯಲ್ಲಿ ಯಾರೂ ಇಲ್ಲ.' ಕೆಳಗೆ ಬೀಗ ಹಾಕಿದ ಬಾಗಿಲಿನ ಫೋಟೋ. ಕೀಲಿಕೈ ಇಡುವ ಹೂಕುಂಡವೂ ಫೋಟೋದಲ್ಲಿ ಚೆಂದ ಬಂದಿತ್ತು.

ನನಗೆ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿರಲಿಲ್ಲ. "ಇದನ್ನು ನೋಡಿದವರು ಏನು ಮಾಡ್ತಾರೆ, ಹೇಳು."

"ನೋಡಿದ್ರು ಮೇಡಂ. ಆಚೆಮನೆಯವ್ರು ಬಂದು ದನಕ್ಕೆ ಹುಲ್ಲು ಹಾಕಿದ್ರು. ಕೆಳಗಿನ ಮನೆ ದೊಡ್ಡಮ್ಮ ಬಂದು ಒಣಗಾಕಿದ್ದ ಬಟ್ಟೆ ತೆಗೆದ್ರು. ಸ್ಟೇಟಸ್ ಹಾಕ್ದೆ ಇದ್ರೆ ನಮ್ ದನದ ಗತಿ ಎಂತ?"

ತರಗತಿ ಅವನ ಪಕ್ಷ ವಹಿಸಿತು. ನಾನು ಪಟ್ಟು ಬಿಡಲಿಲ್ಲ. "ಅದನ್ನು ಕಳ್ಳನೂ ನೋಡಬಹುದಲ್ಲ?"

"ನೋಡಿದ್ದ ಮೇಡಂ. ಹಾರ್ಟ್ ಕಳ್ಸಿದ್ದ."

"ಯಾರು?"

"ಕಳ್ಳ. ನಮ್ಮೂರಲ್ಲಿ ಇರೋನು ಒಬ್ನೇ."

"ಮತ್ತೆ ಕದಿಯಲಿಲ್ಲವಾ?"

ಹುಡುಗ ನನ್ನನ್ನು ಕನಿಕರದಿಂದ ನೋಡಿದ. "ಹೆಂಗೆ ಕದೀತಾನೆ ಮೇಡಂ? ಅವನಿಗೂ ಮದುವೆಗೆ ಕರೆದಿದ್ವಿ. ನಮ್ ಜೀಪಲ್ಲೇ ಬಂದಿದ್ದ."

೫. ಹಿಂದಿನ ಜನ್ಮ

ಒಂದು ದಿನ ಹೊಸನಗರದ ಮಕ್ಕಳಿಗೆ ಅಂತರ್ಜಾಲದಲ್ಲಿ ಒಂದು ಆಟ ಸಿಕ್ಕಿತು. 'ಹಿಂದಿನ ಜನ್ಮದಲ್ಲಿ ನೀವು ಯಾರಾಗಿದ್ದಿರಿ?' ಹುಟ್ಟಿದ ದಿನ, ಅಮ್ಮನ ಹೆಸರು, ಫೋನ್ ನಂಬರ್, ಇಮೇಲಿನ ಪಾಸ್‌ವರ್ಡ್ ಕೊಟ್ಟರೆ ಹೇಳುತ್ತದಂತೆ. ಕಪ್ಪೆ ಹುಡುಗಿ ಓದಿ ನೋಡಿ "ಹಿಂದಿನ ಜನ್ಮ ಹೇಳೋಕೆ ಈ ಜನ್ಮದ ಪಾಸ್‌ವರ್ಡ್ ಎಂತಕ್ಕೆ?" ಅಂದಳು. ಮಕ್ಕಳು ಮುಟ್ಟಲಿಲ್ಲ. ನನ್ನ ಕಣ್ಣು ತುಂಬಿ ಬಂತು ಅನ್ನಲಾರೆ; ಆದರೆ ಚಹಾ ರುಚಿಯಾಗಿತ್ತು.

ಊಟದ ಬಿಡುವಿನಲ್ಲಿ ಮುಖ್ಯೋಪಾಧ್ಯಾಯರು ಒಬ್ಬರೇ ವ್ಯಾನಿಗೆ ಬಂದರು. ಅವರು ನಗರ ಎಂಬ ಹಳ್ಳಿಯವರು, ಅಲ್ಲಿನ ಹಳೇ ಕೋಟೆಯ ಮಗ್ಗುಲಲ್ಲೇ ಬೆಳೆದವರು. ತಾನು ಹಿಂದಿನ ಜನ್ಮದಲ್ಲಿ ಅಲ್ಲಿ ಏನೋ ಒಂದು ಆಗಿದ್ದೆ ಎಂಬ ಗುಮಾನಿ ಅವರಿಗೆ ಮೊದಲಿನಿಂದಲೂ ಇತ್ತು. ಕೇಳಿದ್ದೆಲ್ಲ ತುಂಬಿದರು. ಇಮೇಲು, ಅದರ ಪಾಸ್‌ವರ್ಡ್ ಅಂದಲ್ಲಿ, ಸ್ವಂತದ್ದು ಬೇಡವೆಂದು ಎಚ್ಚರ ವಹಿಸಿ, ವ್ಯಾನಿನದ್ದು ಕೊಟ್ಟರು.

ಮಧ್ಯಾಹ್ನ ವ್ಯಾನಿನ ಇಮೇಲಿನಿಂದ ಟ್ರಸ್ಟಿನ ಎಲ್ಲ ದಾನಿಗಳಿಗೂ ಒಂದು ಸಂದೇಶ ಹೋಯಿತು: 'ಹಿಂದಿನ ಜನ್ಮದಲ್ಲಿ ನಾನು ಸುಂದರಿಯಾದ ಮಹಾರಾಣಿ. ನೀವು ಯಾರು?'

ವ್ಯಾನಿನ ಫೋನಿಗೆ ಟ್ರಸ್ಟಿಯವರೇ ಫೋನ್ ಮಾಡಿದರು. "ಯಾರ್ರೀ ಅಲ್ಲಿ ಮಹಾರಾಣಿ?"

ಮುಖ್ಯೋಪಾಧ್ಯಾಯರು ನನ್ನ ಪಕ್ಕದಲ್ಲಿ ಕೈ ಮುಗಿದುಕೊಂಡು ನಿಂತಿದ್ದರು. "ಅದು ವೈಯಕ್ತಿಕ ಮಾಹಿತಿ ಸರ್" ಅಂದೆ. "ಮಕ್ಕಳಂತೂ ಅಲ್ಲ."

"ಪಾಸ್‌ವರ್ಡುಗಳನ್ನೆಲ್ಲ ಇವತ್ತೇ ನಾನೇ ಬದಲಾಯಿಸ್ತೀನಿ. ಪರೀಕ್ಷೆ ಇದೇ ವಾರ. ಒಬ್ಬ ಬಾಯಿ ಬಿಡಲಿ, ವ್ಯಾನ್ ಅವತ್ತೇ ಹೊರಡುತ್ತೆ."

ದಾನಿಗಳಲ್ಲಿ ಒಬ್ಬರು ಮಾತ್ರ ಸಿಟ್ಟಾಗಿರಲಿಲ್ಲ. ಅವರು ಉತ್ತರ ಬರೆದಿದ್ದರು: 'ನಾನು ತಮ್ಮ ಸೇನಾಧಿಪತಿ.'

೬. ಬಾಯಿಗೆ ಬೀಗ

ಪರೀಕ್ಷೆ ಇದೇ ವಾರ ಎಂಬ ಸುದ್ದಿ ಮೂರು ಶಾಲೆಗೂ ಹಬ್ಬಿತು. ಕಪ್ಪೆ ಹುಡುಗಿ ತನ್ನ ಶಾಲೆಯಲ್ಲಿ ಬೆಂಚು ಬೆಂಚಿಗೆ ಹೋಗಿ ಬೇಡಿಕೊಂಡಳಂತೆ. "ಒಂದು ವಾರ ಕಣ್ರೋ. ನನ್ ಕಪ್ಪೆಗೋಸ್ಕರ." ಮಕ್ಕಳಿಗೆ ಅದು ಯುದ್ಧದ ಹುರುಪು ತಂದಿತು. ಮೋಸಗಾರ ಯಾವ ವೇಷದಲ್ಲಿ ಬರುತ್ತಾನೋ ಗೊತ್ತಿಲ್ಲವಲ್ಲ, ಎಲ್ಲರೂ ಮೋಸಗಾರರೇ.

ಹಾಜರಿ ಕರೆದರೆ ತರಗತಿ ಪೂರ್ತಿ ಮೌನ. ಮೇಷ್ಟ್ರು ರೇಗಿ "ಬಂದೀಯೇನೋ ಇಲ್ವೇನೋ?" ಅಂದರೆ, ಕಣ್ಣೆದುರೇ ಕೂತ ಹುಡುಗ "ಅದನ್ನ ನೀವೇ ಖಾತ್ರಿ ಮಾಡ್ಕೊಳ್ಳಿ ಸರ್" ಅಂದನಂತೆ. ಬಿಸಿಯೂಟದ ಅಕ್ಕ "ಅನ್ನ ಸಾಕಾ, ಬೇಕಾ?" ಅಂತ ಕೇಳಿದರೆ ತಟ್ಟೆಗಳು ಹಿಂದಕ್ಕೆ ಸರಿದವು. ಬೇಕಾದವರೂ ಹೇಳದೆ ಉಪವಾಸ ಎದ್ದರು.

ಉಪವಾಸವಿದ್ದ ಒಬ್ಬನಿಗೆ ಹೊಟ್ಟೆನೋವು ಬಂತು. ಅಮ್ಮ ಆಸ್ಪತ್ರೆಗೆ ಕರೆದುಕೊಂಡು ಹೋದರು. ಡಾಕ್ಟರು ಕೇಳಿದರು, "ಹೆಸರೇನಪ್ಪಾ?"

ಮೌನ.

"ವಯಸ್ಸು?"

ಮೌನ.

"ಹೋಗಲಿ, ಎಲ್ಲಿ ನೋಯ್ತಿದೆ?"

"ಯಾಕ್ ಕೇಳ್ತಿದೀರಿ?"

ಅಮ್ಮ ಹಣೆ ಚಚ್ಚಿಕೊಂಡು ಅವನ ಹೆಸರು, ವಯಸ್ಸು, ಹಾಸಿಗೆ ಒದ್ದೆ ಮಾಡುವುದನ್ನು ಅವನು ಯಾವಾಗ ಬಿಟ್ಟ, ಎಲ್ಲವನ್ನೂ ಡಾಕ್ಟರಿಗೆ ಹೇಳಿದರು. ಹೊರಗೆ ಕಾಯುತ್ತಿದ್ದ ರೋಗಿಗಳಿಗೂ ಕೇಳಿಸುವಂತೆ ಹೇಳಿದರು.

ಹುಡುಗ ಮರುದಿನ ನನ್ನ ಹತ್ತಿರ ಬಂದು ದುಃಖದಿಂದ ಹೇಳಿದ: "ನಮ್ಮನೇಲಿ ಅಮ್ಮಂದೇ ಲೀಕ್ ಮೇಡಂ."

೭. ಪರೀಕ್ಷೆ

ಫೋನು ಬಂದಿದ್ದು ಹೊಸನಗರದಲ್ಲಿ, ಊಟದ ಬಿಡುವು ಮುಗಿಯುವ ಹೊತ್ತಿಗೆ, ವ್ಯಾನಿನ ಫೋನಿಗೆ. ದೊಡ್ಡವರು ತುಟಿ ಬಿಚ್ಚುವಂತಿಲ್ಲ, ಸನ್ನೆಯನ್ನೂ ಮಾಡುವಂತಿಲ್ಲ ಅಂತ ಟ್ರಸ್ಟಿನ ನಿಯಮ. ಮುಖ್ಯೋಪಾಧ್ಯಾಯರು ಮತ್ತು ನಾನು ಕೈಕಟ್ಟಿ ನಿಂತೆವು. ಕಪ್ಪೆ ಹುಡುಗಿ ಫೋನೆತ್ತಿ ಸ್ಪೀಕರ್ ಹಾಕಿದಳು. ಹಿಂದೆ ಇಡೀ ತರಗತಿ ವ್ಯಾನಿನೊಳಗೆ ಒತ್ತಿಕೊಂಡು ನಿಂತಿತ್ತು.

"ಅಭಿನಂದನೆಗಳು!" ಒಬ್ಬ ಯುವಕನ ದನಿ. "ನಿಮಗೆ ಒಂದು ಟ್ಯಾಬ್ಲೆಟ್ ಬಹುಮಾನ ಬಂದಿದೆ. ನಿಮ್ಮ ಹೆಸರು, ಹುಟ್ಟಿದ ದಿನಾಂಕ ಹೇಳಿ."

ಹುಡುಗಿ ಕೇಳಿದಳು, "ಊಟ ಆಯ್ತಾ?"

"ಹ್ಞಾಂ? ಇಲ್ಲ, ಇನ್ನೂ ಇಲ್ಲ. ನಿಮ್ಮ ಹೆಸರು…"

"ಇಷ್ಟೊತ್ತಾದ್ರೂ ಊಟ ಇಲ್ವಾ? ಮನೇಲಿ ಯಾರೂ ಇಲ್ವಾ?"

"ಪೀಜಿಯಲ್ಲಿರೋದು."

"ಅಯ್ಯ, ಪೀಜಿ ಊಟ ಎಂತ ಊಟ ಮಾರಾಯ್ರೆ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿನಾದ್ರೂ ಸಿಕ್ತದಾ?"

ಆ ಕಡೆ ಒಂದು ನಿಟ್ಟುಸಿರು. "ಎಲ್ಲಿ ಸಿಗ್ತದೆ…"

ಆ 'ಸಿಗ್ತದೆ' ಕೇಳಿದ್ದೇ ಹುಡುಗಿ ಫೋನಿನ ಕಡೆ ಬಾಗಿದಳು. ಬಸ್ಸಿನಲ್ಲಿ ಕಂಡಿದ್ದ ಮುಖ ವಾಪಸ್ ಬಂತು. "ನೀವು ನಮ್ ಕಡೆಯವ್ರೇ. ಯಾವೂರಾಯ್ತು?"

"ತೀರ್ಥಹಳ್ಳಿ."

"ಪೇಟೆಯಾ, ಆಗುಂಬೆ ದಾರಿಯಾ?"

"ಆಗುಂಬೆ ದಾರಿ."

"ಅಮ್ಮನ ತವರು?"

"ನಿಮ್ ಹೊಸನಗರವೇ."

"ಹಂಗೆ ಹೇಳಿ ಮತ್ತೆ! ನಿಮ್ಮನ್ನ ಹೆತ್ತಿದ್ದು ತವರಲ್ಲೇ ಅಲ್ವಾ? ಯಾವ ಮಳೆಲಿ?"

ನಮ್ಮಲ್ಲಿ ಮಳೆಗೂ ನಕ್ಷತ್ರದ ಹೆಸರಿದೆ. ಒಂದೊಂದು ಎರಡು ವಾರ ಇರುತ್ತದೆ. ಮಳೆ ಹೇಳಿದರೆ ತಾರೀಕು ಸಿಕ್ಕಂತೆ. ಯುವಕ ಅದನ್ನು ಮರೆತಿದ್ದ, ಅಥವಾ ಹಸಿದಿದ್ದ.

"ಪುಷ್ಯ ಮಳೆ ಶುರುವಾದ ಮಾರನೇ ದಿನ ಅಂತ ಅಮ್ಮ ಹೇಳ್ತಾಳೆ. ಆ ವರ್ಷವೇ ನಮ್ಮ ಅಜ್ಜನ ಮನೆ ಹೊಳೆಗೆ ಸೇತುವೆ ಆಗಿದ್ದಂತೆ. ಅದಕ್ಕೇ ನನ್ನನ್ನ ಎಲ್ಲರೂ ಸೇತು ಅಂತ ಕರೆಯೋದು."

ಕ್ಲಾಸ್ ಲೀಡರ್ ಸದ್ದಿಲ್ಲದೆ ವ್ಯಾನಿನ ಬೋರ್ಡಿನ ಮೇಲೆ ಬರೆಯುತ್ತಿದ್ದ. ಊರು, ಅಮ್ಮನ ತವರು, ಹುಟ್ಟಿದ ದಿನ, ಮುದ್ದಿನ ಹೆಸರು. ಬ್ಯಾಂಕಿನವರು ಗುರುತಿಗೆ ಕೇಳುವುದೆಲ್ಲ ಸಾಲಾಗಿ ನಿಂತಿತು. ಮಕ್ಕಳು ಬಾಯಿಗೆ ಕರ್ಚೀಫು ತುರುಕಿಕೊಂಡಿದ್ದರು.

"ಸೇತಣ್ಣ, ಕೆಲಸ ಎಂತ?"

"ಒಂದು ಟ್ರಸ್ಟಲ್ಲಿ. ಮಾಹಿತಿ ಸುರಕ್ಷತೆ ವಿಭಾಗ."

"ಈಗ ಎಂತ ಮಾಡ್ತಿದೀರಿ?"

"ಈಗ ಪರೀಕ್ಷೆ…" ದನಿ ಥಟ್ಟನೆ ನಿಂತಿತು.

"ಪಾಪ. ಮೂರು ಶಾಲೆಗೂ ನೀವೊಬ್ರೇ ಫೋನ್ ಮಾಡ್ಬೇಕಾ?"

"ಹೌದು ತಂಗಿ. ಸಾಗರಕ್ಕೂ ತೀರ್ಥಹಳ್ಳಿಗೂ ನಾಳೆ ಬೆಳಗ್ಗೆ" ಅಂದ ಸೇತಣ್ಣ. ಇನ್ನು ಅವನ ಹತ್ತಿರ ಉಳಿದಿದ್ದ ಗುಟ್ಟು ಅದೊಂದೇ ಆಗಿತ್ತು.

ಆ ಕಡೆ ಕುರ್ಚಿ ಉರುಳಿದ ಸದ್ದು. ಫೋನು ಕೈ ಬದಲಾಯಿತು. "ನಾನು ಟ್ರಸ್ಟಿ ಮಾತಾಡ್ತಿರೋದು! ಸಾಕು, ಪರೀಕ್ಷೆ ಮುಗೀತು. ನೀವು ಪಾಸು. ವ್ಯಾನ್ ನಿಮ್ಮಲ್ಲೇ ಇರುತ್ತೆ. ಹೆಸರೇನಮ್ಮ ನಿಂದು?"

ತರಗತಿ ಹೋ ಎನ್ನಲು ಬಾಯಿ ತೆರೆಯಿತು. ಹುಡುಗಿ ಕೈ ಎತ್ತಿ ತಡೆದಳು. ನನ್ನ ಕಡೆ ನೋಡಿದಳು. ಅದು ಟ್ರಸ್ಟಿಯ ದನಿಯೇ ಅಂತ ನನಗೆ ಗೊತ್ತಿತ್ತು. ಆದರೆ ಅವರು ಇನ್ನೂ ಪರೀಕ್ಷೆ ಮಾಡುತ್ತಿದ್ದಾರೋ ಇಲ್ಲವೋ ಗೊತ್ತಿರಲಿಲ್ಲ. ಕಣ್ಣು ಮಿಟುಕಿಸಿದರೂ ಸನ್ನೆಯಾದೀತೆಂದು ವ್ಯಾನಿನ ಕಿಟಕಿಯಾಚೆ ನೋಡಿದೆ. ವ್ಯಾನು, ಎರಡು ಮಳೆಗಾಲ, ಇನ್ನೂ ಹೆಸರಿಲ್ಲದ ಒಂದು ಕಪ್ಪೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು.

"ಹೇಳಲ್ಲ ಸರ್" ಅಂದಳು. "ನೀವು ಟ್ರಸ್ಟಿ ಅಂತ ನಾನು ಹೆಂಗೆ ನಂಬೋದು?"

"ಏನು? ನನ್ನನ್ನೇ ನಂಬಲ್ವಾ?"

"ಯಾರನ್ನೂ ನಂಬ್ಬೇಡಿ ಅಂತ ನೀವೇ ಹೇಳ್ಸಿದ್ದಲ್ವಾ? ನೀವು ಟ್ರಸ್ಟಿ ಆಗಿದ್ರೆ."

ಟ್ರಸ್ಟಿಗೆ ಸಿಟ್ಟು ನೆತ್ತಿಗೇರಿತು. "ಟ್ರಸ್ಟಿ ಅಲ್ಲದೆ ಇನ್ಯಾರಿಗೆ ಗೊತ್ತಿರುತ್ತಮ್ಮ ನಮ್ಮ ಆಫೀಸಿನ ಮುಖ್ಯ ಪಾಸ್‌ವರ್ಡು? ಮೊನ್ನೆಯಷ್ಟೇ ನಾನೇ ಇಟ್ಟಿದ್ದು! ಕೇಳಿಸ್ಕೋ! ಬ್ರೂನೋ, ಅಟ್, ಒನ್, ಟೂ, ತ್ರೀ!"

ವ್ಯಾನಿನ ಮೇಲೆ ಮಳೆ ಬೀಳುವುದು ಕೇಳಿಸುತ್ತಿತ್ತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಆ ಕಡೆಯಿಂದ ಸೇತಣ್ಣನ ಕ್ಷೀಣ ದನಿ ಬಂತು: "ಸರ್…"

ಟ್ರಸ್ಟಿ ಕೆಮ್ಮಿದರು. ಮತ್ತೆ ಮಾತಾಡಿದಾಗ ದನಿ ತುಂಬ ಚಿಕ್ಕದಾಗಿತ್ತು. "ವ್ಯಾನ್ ಅಲ್ಲೇ ಇರಲಿ. ಮುಂದಿನ ಮಳೆಗಾಲಕ್ಕೂ ಇರಲಿ. ಬರೆದು ಕಳಿಸ್ತೀನಿ. ಆದರೆ ಈ ವಿಷಯ ಮಾತ್ರ ಹೊರಗೆ ಹೋಗಬಾರದು."

"ಹೋಗಲ್ಲ ಸರ್. ಅದು ನಿಮ್ಮ ವೈಯಕ್ತಿಕ ಮಾಹಿತಿ" ಅಂದಳು ಕಪ್ಪೆ ಹುಡುಗಿ, ತುಂಬ ಗೌರವದಿಂದ. "ಆದ್ರೆ ನೀವು ಇವತ್ತೇ ನಾಯಿ ಹೆಸರು ಬದಲಾಯ್ಸಿ."